ಫೋಟೋದ ತುದಿಯಲ್ಲಿ ನಿಂತವಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಶಿರಸಿ ಜಾತ್ರೆಗೆ ಬಂದಾಗ ನಮ್ಮನೆ ಜಗಲಿಯಲ್ಲಿ ನೋಡಿದ ಹಳೇ ಫೋಟೋ ನೆನಪಿದೆಯಾ? ನಡುವೆ ಕುರ್ಚಿಯಲ್ಲಿ ಮುತ್ತಜ್ಜ, ಸುತ್ತ ಮನೆಮಂದಿ, ಎಡತುದಿಯಲ್ಲಿ ಒಬ್ಬ ಹೆಂಗಸು, ಅವಳ ಸೆರಗು ಹಿಡಿದ ಹುಡುಗ. ಅವರಿಬ್ಬರು ಯಾರಂತ ಅಪ್ಪನಿಗೂ ಗೊತ್ತಿರಲಿಲ್ಲ. ಯಾರೋ ನೆಂಟರಿರಬೇಕು ಅಂತಲೇ ಇಷ್ಟು ವರ್ಷ ಕಳೆದುಬಿಟ್ಟೆವು.

ಈ ಮಳೆಗಾಲದಲ್ಲಿ ಫ್ರೇಮಿನೊಳಗೆ ಬೂಷ್ಟು ಹಿಡಿಯಿತು. ಹಿಂದಿನ ರಟ್ಟು ಬಿಚ್ಚಿದರೆ ಫೋಟೋ ಗಾಜಿಗೇ ಅಂಟಿಕೊಂಡಿತ್ತು. ಎಳೆಯಬಾರದು ಮಾರಾಯಾ. ಚಿತ್ರ ಇರುವುದು ಕಾಗದದ ಮೇಲಿನ ಜೆಲಾಟಿನ್ ಪದರದಲ್ಲಿ, ತೇವ ತಾಗಿದರೆ ಅದೇ ಅಂಟಾಗುತ್ತದೆ, ಎಳೆದರೆ ಮುಖ ಕಿತ್ತು ಗಾಜಿನಲ್ಲೇ ಉಳಿಯುತ್ತದೆ. ಅದಕ್ಕೇ ಗಾಜಿನ ಸಮೇತ 1200 ಡಿಪಿಐಗೆ, ಅಂದರೆ ಇಂಚಿಗೆ 1200 ಚುಕ್ಕಿ ಬರುವಷ್ಟು ಸೂಕ್ಷ್ಮವಾಗಿ, ಸ್ಕ್ಯಾನ್ ಮಾಡಿದೆ.

ದೊಡ್ಡದು ಮಾಡಿ ನೋಡುತ್ತಾ ಕೂತೆ. ಹುಡುಗನ ಬಲಗೈ ಮಸುಕಾಗಿದೆ, ಫೋಟೋ ತೆಗೆಯುವಾಗ ಅಲ್ಲಾಡಿಸಿದ್ದಾನೆ. ಅವನ ಅಂಗಿಯಲ್ಲಿ ಒಂದು ದಪ್ಪ ಗೆರೆ, ಎರಡು ಸಣ್ಣ ಗೆರೆ. ಮುತ್ತಜ್ಜನ ಕಾಲಬುಡದಲ್ಲಿ ಕೂತ ನನ್ನ ಅಜ್ಜನ ಅಂಗಿಯಲ್ಲೂ ಅದೇ ಗೆರೆ! ಒಂದೇ ತಾನಿನ ಬಟ್ಟೆ. ನೆಂಟರ ಮಗನಿಗೆ ಹಾಗೆ ಹೊಲಿಸುತ್ತಾರಾ? ಆಮೇಲೆ ಫೋಟೋದ ಬೆನ್ನಿಗೆ ಟಾರ್ಚನ್ನು ಓರೆಯಾಗಿ ಹಿಡಿದೆ. ಪೆನ್ಸಿಲಿನ ಬಣ್ಣ ಹೋಗಿದ್ದರೂ ಒತ್ತಿದ ಗುರುತು ಇತ್ತು. ‘ಸಿದ್ದಾ’ ಅಂತ ಎರಡು ಅಕ್ಷರ, ಮುಂದೆ ಹುಳ ತಿಂದಿದೆ.

ಸಣ್ಣಜ್ಜಿಗೆ ಈಗ 93. ಅದೇ ಫೋಟೋದಲ್ಲಿ ತೊಡೆಯ ಮೇಲಿರುವ ಕೂಸು ಅವಳೇ. ಪ್ರಿಂಟ್ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು, ಆಮೇಲೆ ಆ ಹೆಂಗಸಿನ ಮೇಲೆ ಬೆರಳಿಟ್ಟು, "ಇದು ಸಿದ್ದಾಪುರದ ಅತ್ಗೆ ಅಲ್ದನ ತಮಾ!" ಅಂದಳು. ನನ್ನ ಕಣ್ಣು ತುಂಬಿ ಬಂತು.

1932ರಲ್ಲಿ ಬ್ರಿಟಿಷರಿಗೆ ಕಂದಾಯ ಕೊಡುವುದಿಲ್ಲ ಅಂತ ನಡೆದ ಕರನಿರಾಕರಣೆ ಚಳವಳಿಯಲ್ಲಿ ಆ ಅತ್ತಿಗೆಯ ಮನೆಯವರ ಜಮೀನು ಮುಟ್ಟುಗೋಲಾಗಿತ್ತಂತೆ. ಆಗ ಸಿದ್ದಾಪುರ, ಅಂಕೋಲಾ ಕಡೆ ಎಷ್ಟೋ ಮನೆಗಳದ್ದು ಅದೇ ಕತೆ ಅಲ್ವಾ. ಗಂಡ ಜೈಲಿಗೆ ಹೋದ, ಇವಳು ಮಗನನ್ನು ಕಟ್ಟಿಕೊಂಡು ನಮ್ಮನೆಗೆ ಬಂದಳು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. 1937ರಲ್ಲಿ ಅಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಮೀನು ವಾಪಸ್ ಸಿಗುವ ದಾರಿಯಾಯಿತು, ತಾಯಿ ಮಗ ಊರಿಗೆ ಹೋದರು. ಹೋಗುವ ದಿನ ಸಣ್ಣಜ್ಜಿ ಅವಳ ಸೆರಗು ಬಿಡಲೇ ಇಲ್ಲವಂತೆ. ವಾಪಸ್ ಹೋದವರ ಸುದ್ದಿ ಆಮೇಲೆ ತಪ್ಪಿಹೋಗಿದೆ.

ಆದರೆ ಹೆಸರು? ಸಣ್ಣಜ್ಜಿಗೆ ಅವಳು ಅತ್ತಿಗೆ ಅಷ್ಟೇ. ಐದಾರು ವರ್ಷ ನಮ್ಮನೆ ಒಲೆ ಹಚ್ಚಿದವಳ ಹೆಸರು ನಮಗೆ ಗೊತ್ತಿಲ್ಲ ಅಂದರೆ ನನಗೆ ತಡೆಯಲಾಗುತ್ತಿಲ್ಲ.

ನಿನ್ನ ಮಾವನ ಮನೆ ಅದೇ ಕಡೆ ಅಲ್ವಾ. ಸ್ಕ್ಯಾನ್ ಕಳಿಸಿದ್ದೇನೆ. ಮೊಬೈಲಿನಲ್ಲಿ ಸುಮ್ನೆ ತೋರಿಸಬೇಡ, ದೊಡ್ಡ ಪ್ರಿಂಟ್ ತೆಗೆಸಿ ಅಲ್ಲಿನ ಹಿರಿಯರ ಕೈಗೆ ಕೊಡು. ಇಸವಿ ಕೇಳಲು ಹೋಗಬೇಡ, ಮಾತು ಶುರುವಾದರೆ ರೆಕಾರ್ಡ್ ಮಾಡಿಕೋ. ಮೊದಲು ಆ ಗೆರೆ ಅಂಗಿ ತೋರಿಸು.

ನಿನ್ನ ಫೋನಿಗೆ ಕಾಯುತ್ತಿರುತ್ತೇನೆ.

ನಿನ್ನವನೇ