ಐಸಿಯು ಸೋಂಕಿನ ಜಾಡು ಹಿಡಿಯಲಿ

ಮಾನ್ಯ ಸಂಪಾದಕರೇ,

ಆಸ್ಪತ್ರೆಯಲ್ಲೇ ತಗಲುವ ಸೋಂಕಿನ ವರದಿಗಳಲ್ಲಿ ಬ್ಯಾಕ್ಟೀರಿಯಾದ ಹೆಸರು ಬರುತ್ತದೆ, ಅದು ಎಲ್ಲಿಂದ ಬಂತು ಎಂಬುದು ಮಾತ್ರ ಬರುವುದಿಲ್ಲ. ಒಂದೇ ಐಸಿಯುನಲ್ಲಿ ಮೂವರ ಕಲ್ಚರ್ ರಿಪೋರ್ಟ್‌ನಲ್ಲೂ (ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಕೊಡುವ ವರದಿ) ‘ಕ್ಲೆಬ್ಸಿಯೆಲ್ಲಾ’ ಎಂದಿದೆ ಅಂದುಕೊಳ್ಳಿ. ಅಲ್ಲಿನ ಕೈತೊಳೆಯುವ ಸಿಂಕ್‌ನಿಂದ ಮೂವರಿಗೂ ಹರಡಿತೋ, ಇಲ್ಲಾ ಒಬ್ಬೊಬ್ಬರೂ ಹೊರಗಿನಿಂದಲೇ ತಂದರೋ? ಯಾವ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ ಎಂಬ ಪಟ್ಟಿ ನೋಡಿ ಇದನ್ನು ಹೇಳಲಾಗದು. ಒಂದೇ ಬ್ಯಾಕ್ಟೀರಿಯಾದ ಬೇರೆ ಬೇರೆ ತಳಿಗಳೂ ಅದೇ ಔಷಧಗಳಿಗೆ ಜಗ್ಗದೆ ಇರಬಹುದು, ಅಲ್ವಾ?

ತಳಿ ಗುರುತಿಸುವ ವಿಧಾನಗಳು ಹೊಸವೇನಲ್ಲ. ಡಿಎನ್‌ಎ ಕತ್ತರಿಸಿ, ಜೆಲ್‌ನಲ್ಲಿ ಓಡಿಸಿ, ಮೂಡುವ ಪಟ್ಟೆಗಳನ್ನು ಹೋಲಿಸುವ ಪಿಎಫ್‌ಜಿಇ 1980ರ ದಶಕದ್ದು. 1998ರಲ್ಲಿ ಬಂದ ಎಂಎಲ್‌ಎಸ್‌ಟಿ ಸಾಮಾನ್ಯವಾಗಿ ಏಳು ಜೀನ್‌ಗಳನ್ನಷ್ಟೇ ನೋಡುತ್ತದೆ. ಈಗಿನ ಜೀನೋಮ್ ಸೀಕ್ವೆನ್ಸಿಂಗ್ ಕ್ಲೆಬ್ಸಿಯೆಲ್ಲಾದ ಸುಮಾರು 55 ಲಕ್ಷ ಡಿಎನ್‌ಎ ಅಕ್ಷರಗಳನ್ನು ಹೆಚ್ಚುಕಡಿಮೆ ಪೂರ್ತಿ ಓದುತ್ತದೆ. ಮೂವರ ಮಾದರಿಗಳ ನಡುವೆ ಬೆರಳೆಣಿಕೆಯಷ್ಟೇ ವ್ಯತ್ಯಾಸ ಕಂಡರೆ, ವಾರ್ಡ್‌ನಲ್ಲೇ ಹರಡಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಆಗ ಸುಮ್ನೆ ಇಡೀ ವಾರ್ಡ್‌ಗೆ ಫಿನಾಯಿಲ್ ಸುರಿಯುವುದು ತಪ್ಪಿ, ಹುಡುಕಬೇಕಾದ ಜಾಗವನ್ನೇ ಹುಡುಕಬಹುದು.

ಖರ್ಚು ಜಾಸ್ತಿ ಎನ್ನುವವರು ಇದ್ದಾರೆ. ಐಸಿಯು ಬಿಲ್ ಕಟ್ಟಿದವರು ಹಾಗೆ ಹೇಳಲಾರರು ಬಿಡಿ. ಕೋವಿಡ್ ಕಾಲದಲ್ಲಿ ನಮ್ಮ ನಿಮ್ಹಾನ್ಸ್ ಮತ್ತು ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ಗಳಲ್ಲೇ ವೈರಸ್‌ನ ಜೀನೋಮ್ ಓದಿದ್ದರು. ಒಂದೇ ವಾರ್ಡ್‌ನಲ್ಲಿ ಒಂದೇ ಬ್ಯಾಕ್ಟೀರಿಯಾ ಮತ್ತೆ ಮತ್ತೆ ಕಂಡಾಗ ಕಲ್ಚರ್ ಪ್ಲೇಟ್ ಎಸೆಯದೆ, ಅದರ ಮಾದರಿಯನ್ನು ಡೀಪ್ ಫ್ರೀಜರ್‌ನಲ್ಲಿಟ್ಟು, ಸಿಂಕ್ ಮತ್ತು ವೆಂಟಿಲೇಟರ್‌ಗಳ ಸ್ವಾಬ್ ಜೊತೆ ಸೀಕ್ವೆನ್ಸಿಂಗ್ ಲ್ಯಾಬ್‌ಗೆ ಕಳುಹಿಸುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಮೊದಲು ನಗರದ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡಲಿ.

– ಓದುಗ, ಬಸವನಗುಡಿ, ಬೆಂಗಳೂರು