ಮಗಳಿಗೊಂದು ಪತ್ರ: ನಿನ್ ಫ್ರೆಂಡ್ ಫಸ್ಟ್ ಟೈಮ್ ಟೆಂಟಲ್ಲಿ ಮಲಗೋ ಮೊದ್ಲು

ಪುಟ್ಟೀ,

ನಿನ್ ಫ್ರೆಂಡ್‌ಗೆ ಕ್ಯಾಂಪಿಂಗ್ ಬಗ್ಗೆ ಏನೂ ಗೊತ್ತಿಲ್ಲ, ಏನ್ ಹೇಳ್ಲಿ ಅಪ್ಪಾ ಅಂತ ಮೆಸೇಜ್ ಹಾಕಿದ್ಯಲ್ಲ, ಫೋನಲ್ಲಿ ಹೇಳಿದ್ರೆ ಅರ್ಧ ಮರ್ತೋಗುತ್ತೆ ಅಂತ ಕೂತು ಬರೀತಿದೀನಿ.

ಮೊದ್ಲು ಆ ಚಿತ್ರದುರ್ಗದ ಹತ್ರದ ಜೋಗಿಮಟ್ಟಿ ಬೆಟ್ಟದ ಮೇಲೆ ಟೆಂಟ್ ಹಾಕೋ ಪ್ಲಾನ್ ಬಿಟ್ಬಿಡಿ. ಅದು ವನ್ಯಧಾಮ ಕಣೇ, ಕರಡಿ ಚಿರತೆ ಓಡಾಡೋ ಜಾಗ, ಅರಣ್ಯ ಇಲಾಖೆಯವ್ರ ಪರ್ಮಿಷನ್ ಇಲ್ದೆ ರಾತ್ರಿ ಉಳ್ಕೊಳ್ಳೋ ಮಾತೇ ಇಲ್ಲ, ಹಗಲಲ್ಲಿ ಹೋಗಿ ನೋಡ್ಕೊಂಡು ಬನ್ನಿ ಸಾಕು. ಮತ್ತೆ ಅಲ್ಲಿನ ಗಾಳಿ. ಹೈವೇಲಿ ಚಿತ್ರದುರ್ಗ ದಾಟೋವಾಗ ಗುಡ್ಡದ ಸಾಲಲ್ಲಿ ದೊಡ್ ದೊಡ್ ಗಾಳಿಯಂತ್ರ ಕಾಣುತ್ತಲ್ಲ, ಗಾಳಿ ಹಂಗೆ ಬೀಸುತ್ತೆ ಅಂತಾನೇ ಅಲ್ಲಿ ನಿಲ್ಸಿರೋದು, ರಾತ್ರಿಯಿಡೀ ಟೆಂಟ್ ಬಟ್ಟೆ ಪಟಪಟ ಅಂತಿದ್ರೆ ಹೊಸಬ್ರಿಗೆ ನಿದ್ದೆ ಎಲ್ಲಿ ಬರುತ್ತೆ.

ನನ್ ಪ್ರಕಾರ ಫಸ್ಟ್ ಟೈಮ್ ಹೋದಾಗ ನಿದ್ದೆ ಚೆನ್ನಾಗಿ ಬಂದ್ರೆ ಅವ್ಳು ಮತ್ತೆ ಬರ್ತಾಳೆ, ಬರ್ದಿದ್ರೆ ಇನ್ ಮುಂದೆ ಟೆಂಟ್ ಅಂದ್ರೆ ದೂರಾನೇ. ಅದಕ್ಕೇ ಚನ್ನಗಿರಿ ಕಡೆ ದೊಡ್ಡಪ್ಪನ ತೋಟಕ್ಕೆ ಕರ್ಕೊಂಡ್ ಬಾ, ಒಂದೇ ರಾತ್ರಿ, ಡಿಸೆಂಬರ್ ಜನವರೀಲಿ. ಮನೆ ಕೂಗಳತೆ ದೂರದಲ್ಲೇ ಇರುತ್ತೆ. ಮಾರನೇ ದಿನ ಸೂಳೆಕೆರೆ ನೋಡಿ, ಟೈಮ್ ಇದ್ರೆ ದುರ್ಗದ ಕೋಟೆ. ಕೆರೆ ದಂಡೇಲೇ ಮಲಗ್ತೀವಿ ಅನ್ಬೇಡಿ, ಥಂಡಿ ಜಾಸ್ತಿ, ಸೊಳ್ಳೆ ಬೇರೆ.

ತೋಟದಲ್ಲೂ ತೆಂಗಿನ ಮರದ ಕೆಳಗೆ ಮಾತ್ರ ಬೇಡ. ಗರಿ ಬಿದ್ರೂ ಅಷ್ಟೇ, ಕಾಯಿ ಬಿದ್ರೂ ಅಷ್ಟೇ, ಅಡಿಕೆ ಹಾಳೆ ಕೂಡ ಸುಮ್ನೆ ಸುಮ್ನೆ ಬೀಳ್ತಿರುತ್ತೆ. ಕಣದ ಪಕ್ಕ ಬಯಲಿದೆಯಲ್ಲ, ಅಲ್ಲಿ ಹಾಕಿ. ನಾಲ್ಕು ಗಂಟೆಗೆಲ್ಲಾ ಬಂದ್ಬಿಡಿ, ಚಳಿಗಾಲದಲ್ಲಿ ಆರೂವರೆ ಹೊತ್ತಿಗೆಲ್ಲಾ ಕತ್ಲಾಗುತ್ತೆ. ಟೆಂಟ್ ಅವ್ಳ ಕೈಲೇ ಕಟ್ಸು, ನೀನು ಕಿತ್ಕೊಂಡು ಮಾಡ್ಬೇಡ. ಗೂಟ ನೆಟ್ಟಗೆ ಹೊಡೀಬಾರ್ದು, ತಲೆ ಟೆಂಟಿಂದ ಆಚೆ ವಾಲಿರ್ಬೇಕು ಅನ್ನೋದು ಅವ್ಳಿಗೂ ಗೊತ್ತಾಗ್ಲಿ. ಕೆಳಗೆ ಹಾಸೋ ಪ್ಲಾಸ್ಟಿಕ್ ಶೀಟ್ ಟೆಂಟಿಂದ ಹೊರಗೆ ಚಾಚಿದ್ರೆ ಮಳೆ ನೀರೆಲ್ಲಾ ಅದರ ಮೇಲೆ ಬಿದ್ದು ಟೆಂಟ್ ಕೆಳಗೆ ಬರುತ್ತೆ, ಅಂಚನ್ನ ಒಳಗೆ ಮಡಚಿ.

ಅವ್ಳು ದುಡ್ಡು ಹಾಕೋದಿದ್ರೆ ಒಂದ್ ಒಳ್ಳೆ ಫೋಮ್ ಮ್ಯಾಟ್‌ಗೆ ಹಾಕ್ಲಿ. ಎಲ್ರೂ ಹೊದಿಯೋಕೆ ದಪ್ಪದ್ದು ತರ್ತಾರೆ, ಆದ್ರೆ ಚಳಿ ಬರೋದು ಕೆಳಗಿಂದ, ನೆಲ ಮೈ ಶಾಖಾನೆಲ್ಲಾ ಎಳ್ಕೊಂಡ್ಬಿಡುತ್ತೆ, ಮೈ ಅಡಿ ಸಿಕ್ಕ ಕಂಬಳಿ ಒತ್ತಿ ಚಪ್ಪಟೆಯಾಗಿರುತ್ತೆ, ಅದರಿಂದ ಬೆಚ್ಚಗಾಗಲ್ಲ. ಬೆಳಗಿನ ಜಾವ ನಡುಗ್ತಾ ಎದ್ದು ಕೂರೋರು ಹೆಚ್ಚಾಗಿ ಮ್ಯಾಟ್ ಇಲ್ದೋರೇ. ಟೆಂಟ್ ಒಳಗೋಡೆ ಬೆಳಿಗ್ಗೆ ಒದ್ದೆ ಇದ್ರೆ ಸೋರ್ತಿದೆ ಅಂತ ಗಾಬರಿಯಾಗೋದ್ ಬೇಡ, ಅದು ನಿಮ್ ಉಸಿರಿನ ನೀರೇ, ಮೇಲಿನ ಕಿಂಡಿ ತೆಗೆದಿಟ್ರೆ ಕಮ್ಮಿಯಾಗುತ್ತೆ.

ಚಳಿ ಅಂತ ಸ್ಟೌ ಆಗ್ಲಿ ಕೆಂಡ ಆಗ್ಲಿ ಟೆಂಟ್ ಒಳಗೆ ತರ್ಲೇಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದ್ದೋರಿಗೆ ಗೊತ್ತೇ ಆಗಲ್ಲ, ಜೀವ ಹೋಗುತ್ತೆ. ಇದನ್ನ ನೀನೇ ಬಾಯ್ಬಿಟ್ಟು ಹೇಳ್ಬೇಕು, ಪ್ರಾಮಿಸ್ ಮಾಡು. ಜಿಪ್ ಯಾವಾಗ್ಲೂ ಹಾಕಿರ್ಲಿ, ಶೂ ಕೊಡವಿ ಹಾಕ್ಕೊಳ್ಳಿ, ರಾತ್ರಿ ಟಾರ್ಚ್ ಇಲ್ದೆ ಒಂದ್ ಹೆಜ್ಜೇನೂ ಬೇಡ, ತೋಟದಲ್ಲಿ ಇಲಿ ಇರುತ್ತೆ, ಇಲಿ ಹಿಂದೆ ಹಾವು. ದೇವ್ರ ದಯೆಯಿಂದ ಏನೂ ಆಗಲ್ಲ, ಆದ್ರೂ ಕಚ್ಚಿದ್ರೆ ಹಗ್ಗ ಕಟ್ಟೋದು ಕೊಯ್ಯೋದು ಏನೂ ಮಾಡ್ದೆ, ಕೈಯೋ ಕಾಲೋ ಅಲ್ಲಾಡಿಸ್ದೆ 108ಕ್ಕೆ ಫೋನ್ ಮಾಡಿ, ನಾಟಿ ಔಷಧಿ ಅಂತ ಟೈಮ್ ಹಾಳ್ಮಾಡ್ದೆ ಸೀದಾ ಆಸ್ಪತ್ರೆಗೆ.

ಅಡುಗೆ ತಲೆನೋವು ಬೇಡ, ನಿಮ್ಮಮ್ಮ ರೊಟ್ಟಿ ಶೇಂಗಾ ಚಟ್ನಿ ಕಟ್ತಾಳೆ, ಮಂಡಕ್ಕಿ ಮೆಣಸಿನಕಾಯಿ ನಾನು ತರ್ತೀನಿ.

ಇನ್ನೊಂದ್ ವಿಷ್ಯ. ಮಧ್ಯರಾತ್ರಿ ಅವ್ಳಿಗೆ ಹೆದ್ರಿಕೆಯಾಗಿ ಮನೆ ಒಳಗೆ ಮಲಗ್ತೀನಿ ಅಂದ್ರೆ ಯಾಕೆ ಏನು ಅನ್ಬೇಡ, ರೇಗಿಸ್ಬೇಡ, ಎದ್ದು ಜೊತೇಗ್ ಹೋಗು. ಬಾಗಿಲು ಚಿಲಕ ಹಾಕ್ಬೇಡಿ ಅಂತ ದೊಡ್ಡಮ್ಮನಿಗೆ ಹೇಳಿರ್ತೀನಿ. ಉಬ್ಬಸ ಗಿಬ್ಬಸ ಇದ್ಯಾ, ದಿನಾ ತಗೊಳ್ಳೋ ಮಾತ್ರೆ ಏನಾದ್ರೂ ಇದ್ಯಾ ಅಂತ ಮೊದ್ಲೇ ಕೇಳ್ಕೋ, ಡೇಟ್ ಫಿಕ್ಸ್ ಮಾಡೋ ಮುಂಚೆ ಪೀರಿಯಡ್ಸ್ ಬಗ್ಗೇನೂ ವಿಚಾರ್ಸು. ಯಾವ್ ಶನಿವಾರ ಅಂತ ತಿಳಿಸು, ಅಟ್ಟದ ಮೇಲಿರೋ ಟೆಂಟ್ ಇಳಿಸಿ ಬಿಸಿಲಿಗೆ ಹಾಕಿ ಜಿಪ್ ಸರಿ ಇದ್ಯಾ ನೋಡಿಟ್ಟಿರ್ತೀನಿ.

ಅಪ್ಪ
ದಾವಣಗೆರೆ