ಗೆಳೆಯನಿಗೊಂದು ಪತ್ರ: 1953ರ ಷೆವರ್ಲೆ ಪಿಕಪ್ಪಿನ ಸೀಟು

ಪ್ರಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಸರಿಯಾದ ಉತ್ತರ ಕೊಡಲಿಲ್ಲ. ಒಂದು ಬೆಂಚ್ ಸೀಟಿಗೆ ನಿಮ್ಮ ಅಂಗಡಿಯಲ್ಲಿ ಎರಡು ದಿನ ಸಾಕಾಗುವಾಗ ನನಗೆ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಏಕೆ ಬೇಕಾಯಿತು ಎಂದು ಕೇಳಿದೆ. ನಾನು ಎಲ್ಲವನ್ನೂ ಅಮೆರಿಕದ ಈ ಮಿಷಿಗನ್ ರಾಜ್ಯದ ಚಳಿಯ ಮೇಲೆ ಹಾಕಿ ಮಾತು ಮುಗಿಸಿದೆ. ಚಳಿಯೂ ಒಂದು ಕಾರಣವೇ ನಿಜ, ಆದರೆ ಮುಖ್ಯ ಕಾರಣ ಅದಲ್ಲ. ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ದಾವಣಗೆರೆಯ ಪಿ.ಬಿ. ರಸ್ತೆಯ ನಿಮ್ಮ ಕುಶನ್ ಅಂಗಡಿಯಲ್ಲಿ ಕೂತು ಹಳೆಯ ಸೀಟುಗಳ ಮೊಳೆ ಕೀಳುತ್ತಿದ್ದ ದಿನಗಳಲ್ಲಿ ನಿನ್ನ ತಂದೆಯವರು ಹೇಳುತ್ತಿದ್ದ ಮಾತು ಈ ಕೆಲಸದುದ್ದಕ್ಕೂ ನನ್ನ ಜೊತೆಗಿತ್ತು: ಅಡಿ ಸರಿಮಾಡದೆ ಮೇಲೆ ರೆಕ್ಸಿನ್ ಹೊದಿಸಿದರೆ ಗಿರಾಕಿ ಆರು ತಿಂಗಳಿಗೆ ಅದೇ ಸೀಟು ಹೊತ್ತುಕೊಂಡು ಬರುತ್ತಾನೆ. ನಾನು ಇಷ್ಟು ತಿಂಗಳು ಕಳೆದದ್ದು ಆ ಅಡಿಯಲ್ಲಿಯೇ.

ಗಾಡಿ 1953ರ ಷೆವರ್ಲೆ 3100, ಅರ್ಧ ಟನ್ ಹೊರೆ ಹೊರುವ ವರ್ಗದ ಪಿಕಪ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜನರಲ್ ಮೋಟರ್ಸ್ ಹೊಸದಾಗಿ ರೂಪಿಸಿ 1947ರಲ್ಲಿ ಹೊರತಂದು 1955ರ ಆರಂಭದವರೆಗೂ ತಯಾರಿಸಿದ ಸಾಲಿಗೆ ಸೇರಿದ್ದು. ಮುಂದಿನ ಗಾಜು ನಡುವೆ ಪಟ್ಟಿಯಿರುವ ಎರಡು ತುಂಡಿನದು. 1954ರ ಮಾದರಿಯಿಂದ ಅದು ಬಾಗಿದ ಒಂದೇ ಗಾಜಾಯಿತು. ನಮ್ಮ ಹಿರಿಯರು ‘ಷೆವರ್ಲೆ ಲಾರಿ’ ಎಂದು ಪ್ರೀತಿಯಿಂದ ಹೇಳುತ್ತಿದ್ದ ಗಾಡಿಗಳ ಬಳಗವೇ ಇದು. ಇದೇ ಕಂಪನಿ 1928ರಿಂದ 1954ರವರೆಗೆ ಮುಂಬಯಿಯ ಸೇವ್ರಿಯಲ್ಲಿ ಗಾಡಿಗಳನ್ನು ಜೋಡಿಸುತ್ತಿತ್ತು ಎಂಬುದು ನಿನಗೂ ಗೊತ್ತು. ನನ್ನದು ಮಾತ್ರ ಇಲ್ಲಿಯೇ, ಮಿಷಿಗನ್ನಿನ ಒಬ್ಬ ರೈತರ ಕೊಟ್ಟಿಗೆಯಲ್ಲಿ ಬಹುಕಾಲ ನಿಂತಿದ್ದ ಗಾಡಿ. ಇಂಜಿನ್ ಕೆಲಸವನ್ನು ಬಲ್ಲವರ ಕೈಗೆ ಕೊಟ್ಟೆ. ಒಳಗಿನ ಕೆಲಸವನ್ನು ಮಾತ್ರ ಯಾರಿಗೂ ಕೊಡಬಾರದೆಂದು ಮೊದಲೇ ನಿಶ್ಚಯಿಸಿದ್ದೆ.

ಸೀಟನ್ನು ಬಿಚ್ಚಿ ಹೊರಗಿಟ್ಟ ದಿನ ಸೀಟಿನ ತುಂಬ ಇಲಿಗಳ ಗೂಡು. ಹತ್ತಿಯನ್ನೆಲ್ಲ ಕಿತ್ತು ಗುಡ್ಡೆ ಹಾಕಿ ನಡುವೆ ಮೆಕ್ಕೆಜೋಳದ ಕಾಳು ಕೂಡಿಟ್ಟಿದ್ದವು. ನಾವು ಊರಿನಲ್ಲಿ ಮಾಡುತ್ತಿದ್ದ ಹಾಗೆ ಪೊರಕೆ ತೆಗೆದುಕೊಂಡು ಗುಡಿಸಲು ಹೊರಟೆ. ಪಕ್ಕದ ಮನೆಯ ಹಿರಿಯರು ಓಡಿಬಂದು ತಡೆದರು. ಇಲ್ಲಿನ ಕೆಲವು ಜಾತಿಯ ಇಲಿಗಳ ಹಿಕ್ಕೆ ಮತ್ತು ಮೂತ್ರ ಒಣಗಿ ದೂಳಾಗಿ ಮೂಗಿಗೆ ಹೋದರೆ ಹಾಂಟಾವೈರಸ್ ತಗುಲಿ ಶ್ವಾಸಕೋಶಕ್ಕೆ ಪ್ರಾಣಾಪಾಯ ತರುತ್ತದೆ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ, ಗೂಡೆಲ್ಲ ನೆನೆಯುವಂತೆ ಸಿಂಪಡಿಸಿ, ಐದು ನಿಮಿಷ ಬಿಟ್ಟು, ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು ಒದ್ದೆಯಾಗಿಯೇ ಬಾಚಿ ತೆಗೆದೆ. ನೀನು ಕೂಡ ಹಳೆಯ ಸೀಟುಗಳನ್ನು ಒಣದಾಗಿ ಬಡಿಯುವುದನ್ನು ಬಿಡಬೇಕು. ಇದನ್ನು ಕಳಕಳಿಯಿಂದ ಹೇಳುತ್ತಿದ್ದೇನೆ. ಆ ಗೂಡಿನ ಅಡಿಯಲ್ಲಿ, ಚೌಕಟ್ಟಿನ ಸಂದಿಯಲ್ಲಿ, ಒಂದು ಸೆಂಟಿನ ತಾಮ್ರದ ನಾಣ್ಯ ಸಿಕ್ಕಿತು. ಹಿಂಬದಿಯಲ್ಲಿ ಎರಡು ಗೋಧಿ ತೆನೆಗಳ ಚಿತ್ರ; 1958ರ ತನಕ ಇಲ್ಲಿನ ಸೆಂಟ್ ಹಾಗಿರುತ್ತಿತ್ತು. ಯಾರ ಜೇಬಿನಿಂದ ಜಾರಿತ್ತೋ, ಅದನ್ನು ತೊಳೆದು ಮತ್ತೆ ಅದೇ ಸಂದಿಯಲ್ಲಿಟ್ಟಿದ್ದೇನೆ.

ಇನ್ನು ಸೀಟಿನ ವಿಷಯ. ಮೇಲೆ ನೀಲಿ ಬಟ್ಟೆಯ ಕವರು, ಅದನ್ನು ಕಿತ್ತರೆ ಕರಿ ರೆಕ್ಸಿನ್, ಅದನ್ನೂ ಕಿತ್ತರೆ ಕಂದುಗೆಂಪು ಬಣ್ಣದ, ಚರ್ಮದ ಹಾಗೆ ಕಾಣುವ ಮೊದಲಿನ ಹೊದಿಕೆ. ಎರಡು ಸಲ ಸೀಟು ಸರಿಮಾಡಿದವರು ಕೆಳಗಿನದನ್ನು ತೆಗೆಯದೆ ಮೇಲೆ ಇನ್ನೊಂದನ್ನು ಹೊದಿಸಿದ್ದರು. ಅವರನ್ನು ನಾನು ದೂರುವುದಿಲ್ಲ, ಏಕೆಂದರೆ ಅವರ ಆ ಅವಸರದಿಂದಲೇ ಮೊದಲಿನ ಹೊದಿಕೆ ಬಿಸಿಲಿಗೆ ಬೀಳದೆ ಉಳಿದಿತ್ತು, ಅದರ ಬಣ್ಣ, ಹೊಲಿಗೆಯ ದೂರ, ಅಂಚಿನ ಹೊಲಿಗೆಯಲ್ಲಿ ದುಂಡಗೆ ಎದ್ದು ಕಾಣುವ ಪಟ್ಟಿಯ, ಅಂದರೆ ಪೈಪಿಂಗಿನ ದಪ್ಪ ಎಲ್ಲವೂ ನನಗೆ ಅಳೆಯಲು ಸಿಕ್ಕಿದವು. ಒಂದೊಂದು ಪದರವನ್ನೂ ತೆಗೆಯುವ ಮುನ್ನ ಫೋಟೊ ತೆಗೆದು, ನಡುಗೆರೆಯನ್ನು ಸೀಮೆಸುಣ್ಣದಲ್ಲಿ ಗುರುತಿಸಿ, ಚೀಟಿ ಅಂಟಿಸಿ ಇಟ್ಟುಕೊಂಡೆ.

ಹೊದಿಕೆಯ ಕೆಳಗೆ ಅರಳೆಯ ಪದರ, ಅದರ ಕೆಳಗೆ ಕತ್ತಾಳೆ ನಾರಿನ ಒರಟು ಹಾಸು, ಅದರ ಕೆಳಗೆ ಗೋಣಿತಾಟು, ಎಲ್ಲಕ್ಕಿಂತ ಕೆಳಗೆ ಉಕ್ಕಿನ ಚೌಕಟ್ಟಿನ ಮೇಲೆ ಸುರುಳಿ ಸ್ಪ್ರಿಂಗುಗಳ ಸಾಲು. ಈ ಕ್ರಮಕ್ಕೆ ಅರ್ಥವಿದೆ. ಸ್ಪ್ರಿಂಗಿನ ಬಳೆಗಳು ಮೇಲಿನ ಮೆತ್ತೆಯೊಳಗೆ ನುಗ್ಗದಂತೆ ಗೋಣಿತಾಟು ತಡೆಯುತ್ತದೆ, ಕೂತವರ ಭಾರವನ್ನು ನಾರಿನ ಹಾಸು ಅಕ್ಕಪಕ್ಕದ ಸ್ಪ್ರಿಂಗುಗಳಿಗೆ ಹಂಚುತ್ತದೆ, ಅರಳೆಯು ನಾರಿನ ಒರಟನ್ನು ಮರೆಸಿ ಹೊದಿಕೆಗೆ ದುಂಡನೆಯ ರೂಪ ಕೊಡುತ್ತದೆ. ಇದರಲ್ಲಿ ಯಾವ ಒಂದನ್ನು ಬಿಟ್ಟರೂ ಉಳಿದವು ತಮ್ಮದಲ್ಲದ ಕೆಲಸ ಮಾಡಲು ಹೋಗಿ ಬೇಗ ಸವೆಯುತ್ತವೆ. ಆ ಗೋಣಿತಾಟನ್ನು ಕೈಯಲ್ಲಿ ಹಿಡಿದಾಗ ನನಗೆ ಬಹಳ ಹೊತ್ತು ಬೇರೇನೂ ತೋಚಲಿಲ್ಲ. ಆ ಕಾಲದಲ್ಲಿ ಅಮೆರಿಕಕ್ಕೆ ಬರುತ್ತಿದ್ದ ಗೋಣಿತಾಟಿನ ಬಹುಪಾಲು ಹೂಗ್ಲಿ ನದಿಯ ದಂಡೆಯ ಗಿರಣಿಗಳಲ್ಲಿ ನೇಯ್ದದ್ದು. ದೇಶ ವಿಭಜನೆಯಾದಾಗ ಗಿರಣಿಗಳು ಈಚೆ, ಒಳ್ಳೆಯ ಸೆಣಬು ಬೆಳೆಯುವ ಹೊಲಗಳಲ್ಲಿ ಹೆಚ್ಚಿನವು ಆಚೆ ಉಳಿದು, ಆ ಉದ್ಯಮವೇ ಕಷ್ಟದಲ್ಲಿದ್ದ ವರ್ಷಗಳವು. ಯಾವುದೋ ಗಿರಣಿಯ ಮಗ್ಗದಿಂದ ಇಳಿದ ಬಟ್ಟೆ ಮಿಷಿಗನ್ನಿನ ರೈತರೊಬ್ಬರ ಸೀಟಿನೊಳಗೆ ಯಾರ ಕಣ್ಣಿಗೂ ಬೀಳದೆ ಎಪ್ಪತ್ತು ವರ್ಷ ಭಾರ ಹೊತ್ತಿರಬಹುದು.

ಇಲ್ಲಿ ಈ ಗಾಡಿಗೆಂದೇ ಅಚ್ಚಿನಲ್ಲಿ ಎರೆದ ಫೋಮಿನ ಮೆತ್ತೆ ಸಿಗುತ್ತದೆ, ಕತ್ತರಿಸಿ ಹೊಲಿದ ಸಿದ್ಧ ಹೊದಿಕೆಯೂ ಸಿಗುತ್ತದೆ. ಸ್ಪ್ರಿಂಗನ್ನೆಲ್ಲ ತೆಗೆದೆಸೆದು ಫೋಮ್ ಕೂರಿಸಿದರೆ ಒಂದು ಶನಿವಾರದಲ್ಲಿ ಕೆಲಸ ಮುಗಿಯುತ್ತದೆ. ಹಾಗೆ ಮಾಡಿದವರ ಗಾಡಿಯಲ್ಲಿ ಕೂತು ನೋಡಿದ್ದೇನೆ; ಅದು ಹೊಸ ಕಾರಿನ ಸೀಟಿನ ಹಾಗಿರುತ್ತದೆ. ಹಳೆಯ ಗಾಡಿ ಕುಣಿಯುವಾಗ ಸ್ಪ್ರಿಂಗಿನ ಸೀಟು ಒಂದು ಕ್ಷಣ ತಡವಾಗಿ, ನಿಧಾನವಾಗಿ ತಾನೂ ಕುಣಿದು ನಿಲ್ಲುತ್ತದೆ. ಆ ತೂಗಾಟ ಫೋಮಿಗೆ ಬರುವುದಿಲ್ಲ. ಗಾಡಿಯ ಒಳಗನ್ನು ಉಳಿಸುವುದೆಂದರೆ ಆ ತೂಗಾಟವನ್ನೂ ಉಳಿಸುವುದು ಎಂದು ನಾನು ನಂಬಿದ್ದೇನೆ, ಮತ್ತು ಅದಕ್ಕಾಗಿಯೇ ತಡವಾಯಿತು.

ಚಾಲಕ ಕೂರುವ ಎಡಭಾಗದಲ್ಲಿ, ಹತ್ತಿ ಇಳಿಯುವ ಅಂಚಿಗೆ, ನಾಲ್ಕು ಸ್ಪ್ರಿಂಗು ಮುರಿದಿದ್ದವು; ಬಲಭಾಗ ಹೆಚ್ಚೂಕಡಿಮೆ ಹೊಸದರಂತಿತ್ತು. ಅಷ್ಟು ವರ್ಷವೂ ಆ ರೈತರು ಒಬ್ಬರೇ ಓಡಾಡಿದ್ದರು ಎಂದು ಅದರಿಂದಲೇ ತಿಳಿಯಿತು. ಅದೇ ದಪ್ಪದ ತಂತಿಯ ಸ್ಪ್ರಿಂಗುಗಳನ್ನು ಇನ್ನೊಂದು ಹಾಳು ಸೀಟಿನಿಂದ ತೆಗೆದು ಕೂರಿಸಿದೆ, ಚೌಕಟ್ಟಿನ ತುಕ್ಕನ್ನು ಬರಿ ಲೋಹ ಕಾಣುವವರೆಗೆ ಉಜ್ಜಿ ಮತ್ತೆ ತುಕ್ಕು ಹಿಡಿಯದಂತೆ ಎಪಾಕ್ಸಿ ಪ್ರೈಮರ್ ಹೊಡೆದೆ, ಕಟ್ಟು ಬಿಟ್ಟಿದ್ದ ಕಡೆಗಳಲ್ಲಿ ಸ್ಪ್ರಿಂಗಿನ ತಲೆಗಳನ್ನು ಮಂಚಕ್ಕೆ ಹಗ್ಗ ಹೆಣೆದ ಹಾಗೆ ಉದ್ದಕ್ಕೂ ಅಡ್ಡಕ್ಕೂ ಹುರಿಯಿಂದ ಬಿಗಿದೆ. ಗೋಣಿತಾಟನ್ನು ಸ್ಪ್ರಿಂಗಿಗೆ ಹೊಲಿದದ್ದು ನೀನು ಕೊಟ್ಟು ಕಳಿಸಿದ ದಬ್ಬಣದಲ್ಲಿ.

ಹೊದಿಕೆಯಲ್ಲಿ ನಾನೊಂದು ತಪ್ಪು ಮಾಡಿದೆ. ಹಳೆಯ ಕಂದುಗೆಂಪು ಹೊದಿಕೆಯ ಹೊಲಿಗೆ ಬಿಚ್ಚಿ, ತುಂಡುಗಳನ್ನು ಹೊಸ ರೆಕ್ಸಿನ್ ಮೇಲೆ ಹರವಿ, ಅದರ ಅಂಚಿಗೆ ಸರಿಯಾಗಿ ಗೆರೆ ಎಳೆದು ಕತ್ತರಿಸಿದೆ. ಎಲ್ಲ ಹೊಲಿದು ಮುಗಿಸಿ ಸೀಟಿಗೆ ಎಳೆದಾಗ ಮುಂದಿನ ಮೂಲೆಗಳಲ್ಲಿ ಒಂದೂವರೆ ಇಂಚು ಕಡಿಮೆ ಬಂತು. ರೆಕ್ಸಿನ್ನನ್ನು ಮೆದುವಾಗಿಡಲು ಅದರಲ್ಲಿ ಬೆರೆಸಿರುವ ಎಣ್ಣೆಯಂಥ ವಸ್ತು ವರ್ಷಗಳಲ್ಲಿ ಆರಿಹೋಗುತ್ತದೆ, ಆರಿದಷ್ಟೂ ರೆಕ್ಸಿನ್ ಸೆಟೆದು ಕುಗ್ಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಗಾಜಿಗೆ ಒಳಗಿನಿಂದ ಹಿಡಿಯುವ ಜಿಡ್ಡಿನಲ್ಲಿ ಇದೂ ಒಂದು ಪಾಲು. ಇದು ನಿನಗೆ ಎಂದೋ ಗೊತ್ತಿರುವ ಸಂಗತಿ, ನಾನು ನಾಲ್ಕು ಗಜ ರೆಕ್ಸಿನ್ ಕಳೆದುಕೊಂಡು ಕಲಿತೆ. ಎರಡನೆಯ ಸಲ ಅಳತೆಯನ್ನು ಸೀಟಿನಿಂದಲೇ ತೆಗೆದುಕೊಂಡು, ಹಳೆಯ ತುಂಡನ್ನು ಆಕಾರಕ್ಕೆ ಮಾತ್ರ ನೋಡಿ, ಹೊಲಿಗೆಗೆ ಸುತ್ತಲೂ ಅರ್ಧ ಇಂಚು ಬಿಟ್ಟು ಕತ್ತರಿಸಿದೆ. ಮೊದಲು ಹಳೆಯ ಬೆಡ್‌ಶೀಟಿನಲ್ಲಿ ಒಂದು ಹೊಲಿದು ತೊಡಿಸಿ ನೋಡಿದೆ. ದಾರ ಪಾಲಿಯೆಸ್ಟರಿನದನ್ನೇ ಹಾಕಿದೆ, ಏಕೆಂದರೆ ಬಿಸಿಲನ್ನು ಅದು ನೈಲಾನಿಗಿಂತ ಚೆನ್ನಾಗಿ ತಡೆಯುತ್ತದೆ.

ಚಳಿಯ ಮಾತು ಬರುವುದು ಇಲ್ಲಿ. ಫೆಬ್ರವರಿಯ ಗ್ಯಾರೇಜಿನಲ್ಲಿ ರೆಕ್ಸಿನ್ ತಗಡಿನಂತೆ ನಿಂತಿತ್ತು. ಎಳೆದರೆ ಹೊಲಿಗೆಯ ತೂತುಗಳು ಹಿಗ್ಗಿದವು. ಹೀಟರ್ ಇಟ್ಟು, ಕೂದಲು ಒಣಗಿಸುವ ಯಂತ್ರ ಹಿಡಿದು ಮಾಡಬಹುದಿತ್ತು, ಆದರೆ ಒಂದು ಕಡೆ ಬೆಚ್ಚಗಾಗುವಷ್ಟರಲ್ಲಿ ಇನ್ನೊಂದು ಕಡೆ ತಣ್ಣಗಾಗುತ್ತಿತ್ತು. ಹಾಗಾಗಿ ಕೈಬಿಟ್ಟು ಮೇ ತಿಂಗಳಿಗೆ ಕಾದೆ. ಮೇ ತಿಂಗಳ ಒಂದು ಮಧ್ಯಾಹ್ನ ಹೊದಿಕೆಯನ್ನು ಅಂಗಳದಲ್ಲಿ ಒಂದು ಗಂಟೆ ಹರವಿಟ್ಟೆ; ಕೈಯಲ್ಲಿ ಹಿಡಿದರೆ ಒದ್ದೆ ಚರ್ಮದಂತೆ ಬಾಗುತ್ತಿತ್ತು. ಅದನ್ನು ಒಳಹೊರಗು ಮಾಡಿ ನಡುಗೆರೆಗೆ ನಡುಗೆರೆ ಕೂರಿಸಿ, ಕಾಲುಚೀಲ ತೊಡಿಸುವ ಹಾಗೆ ಮಗುಚುತ್ತಾ ಬಂದೆ. ಮೊದಲು ಮುಂದಿನ ಅಂಚಿನ ಮಧ್ಯ, ಆಮೇಲೆ ಹಿಂದಿನ ಅಂಚಿನ ಮಧ್ಯ, ಮೂಲೆಗಳು ಕೊನೆಗೆ. ಬಿಗಿಯಲು ಇಲ್ಲಿ ಮೊಳೆ ಬಳಸುವುದಿಲ್ಲ, ಹಾಗ್ ರಿಂಗ್ ಎಂಬ ತಂತಿಯ ಬಳೆಯನ್ನು ಅದಕ್ಕೇ ಇರುವ ಇಕ್ಕಳದಿಂದ ಅದುಮಿ ಮುಚ್ಚುತ್ತಾರೆ. ಹಂದಿಗಳು ನೆಲ ಅಗೆಯದಂತೆ ಅವುಗಳ ಮೂಗಿಗೆ ಹಾಕುತ್ತಿದ್ದ ಬಳೆಯಿಂದ ಆ ಹೆಸರು ಬಂದಿದೆ; ನಮ್ಮ ಎತ್ತಿನ ಮೂಗುದಾರದಂಥ ಒಂದು ಹಳೆಯ ಸಾಧನ ಸೀಟಿನೊಳಗೆ ಸೇರಿಕೊಂಡಿದೆ. ಸಂಜೆಯ ಹೊತ್ತಿಗೆ ಕೈಗಳು ಮುಷ್ಟಿ ಹಿಡಿಯದಾಗಿದ್ದವು, ಸೀಟು ಮಾತ್ರ ಸಿದ್ಧವಾಗಿತ್ತು.

ಉಳಿದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಸೀಟು ಹೊರಗಿರುವಾಗ ನೆಲದ ರಬ್ಬರ್ ಹಾಸನ್ನು ಎತ್ತಿದರೆ ಕೆಳಗಿನ ಸೆಣಬಿನ ಪದರ ನೀರು ಕುಡಿದು ಎರಡೂ ಕಾಲಿನ ಜಾಗದಲ್ಲಿ ತಗಡನ್ನು ತಿಂದಿತ್ತು. ಅದನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕಾಯಿತು. ಈ ಗಾಡಿಯಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಕ್ಯಾಬಿನ್ನಿನೊಳಗೆ, ಸೀಟಿನ ಬೆನ್ನ ಹಿಂದೆ. ವೆಲ್ಡಿಂಗ್ ಕಿಡಿ ಹಾರುವ ಮೊದಲು ಟ್ಯಾಂಕನ್ನು ಬಿಚ್ಚಿ ಗ್ಯಾರೇಜಿನಿಂದ ಆಚೆಗೆ ಸಾಗಿಸಿದೆ, ವಾಪಸ್ ಕೂರಿಸುವಾಗ ಅದರ ರಬ್ಬರ್ ಕೊಳವೆಯನ್ನೂ ಬದಲಿಸಿದೆ. ಮೊದಲಿದ್ದಂತೆಯೇ ಇರಬೇಕು ಎಂಬ ನನ್ನ ಹಟವನ್ನು ನಾನು ಎರಡು ಕಡೆ ಮಾತ್ರ ಸಡಿಲಿಸಿದ್ದೇನೆ. ನೆಲದ ಸೆಣಬಿನ ಜಾಗಕ್ಕೆ ನೀರು ಹೀರದ ಫೋಮ್ ಹಾಳೆ ಹಾಕಿದೆ. 1953ರ ಗಾಡಿಗೆ ಸೀಟ್ ಬೆಲ್ಟ್ ಇರಲಿಲ್ಲ, ಕಾರುಗಳಿಗೇ ಅದು ಇಲ್ಲಿ ಕಡ್ಡಾಯವಾದದ್ದು 1968ರಲ್ಲಿ. ಮಗಳು ಪಕ್ಕದಲ್ಲಿ ಕೂರುತ್ತಾಳಾದ್ದರಿಂದ ನೆಲದ ಅಡಿಯಲ್ಲಿ ಉಕ್ಕಿನ ಬಿಲ್ಲೆ ಕೊಟ್ಟು ಸೊಂಟದ ಬೆಲ್ಟುಗಳನ್ನು ಬಿಗಿದಿದ್ದೇನೆ. ಸ್ಟಿಯರಿಂಗ್ ಚಕ್ರದ ಬಿರುಕುಗಳನ್ನು ಮೊದಲು ಅರದಿಂದ ಅಗಲಿಸಿ, ಎಪಾಕ್ಸಿ ತುಂಬಿ, ಉಜ್ಜಿ, ಬಣ್ಣ ಹೊಡೆದೆ. ಛಾವಣಿಯ ರಟ್ಟನ್ನು ಹೊಸದಾಗಿ ತರಿಸಿ ಕೂರಿಸಿದೆ.

ಈಗ ನಿನ್ನಿಂದ ಒಂದು ಉತ್ತರ ಬೇಕು. ಇದರ ಜೊತೆ ಕಳಿಸಿರುವ ಫೋಟೊದಲ್ಲಿ ಎಡಗಡೆಯ ಮುಂದಿನ ಮೂಲೆಯನ್ನು ನೋಡು: ಪೈಪಿಂಗ್ ತಿರುಗುವ ಜಾಗದಲ್ಲಿ ಬೆರಳಗಲದ ಒಂದು ಸುಕ್ಕು ಉಳಿದಿದೆ, ಬಲಗಡೆ ಇಲ್ಲ. ನಿನ್ನ ತಂದೆಯವರು ಮೂಲೆಗೆ ಬಂದಾಗ ಪೈಪಿಂಗಿನ ಅಂಚಿಗೆ ಕತ್ತರಿಯಿಂದ ಸಣ್ಣ ಸಣ್ಣ ಕಚ್ಚು ಹಾಕುತ್ತಿದ್ದದ್ದು ನನಗೆ ನೆನಪಿದೆ, ಎಷ್ಟು ದೂರಕ್ಕೊಂದು ಮತ್ತು ಹೊಲಿಗೆಗೆ ಎಷ್ಟು ಹತ್ತಿರದವರೆಗೆ ಎಂಬುದು ನೆನಪಿಲ್ಲ. ಅವರನ್ನೇ ಕೇಳಿ ಬರೆ. ಆ ಮೂಲೆಯ ಆರು ಬಳೆಗಳನ್ನು ಬಿಚ್ಚಿಯೇ ಇಟ್ಟುಕೊಂಡಿದ್ದೇನೆ, ಬಿಸಿಲು ಇನ್ನೂ ಎರಡು ತಿಂಗಳು ಇರುತ್ತದೆ.

ನಿನ್ನ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಗೆಳೆಯ